ಇನ್ನೂರ ಅರವತ್ತು ವ್ಯಾಟ್

ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಆ ಅಂಗಡಿಗೆ ಬರುವವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಅಪ್ಪನ ಕಾಲದಿಂದ ಅಲ್ಲೇ ಕೆಲಸ ಮಾಡಿಕೊಂಡಿದ್ದ ಸುರುಳಿ ಮಾವನೊಬ್ಬ ಮಾತ್ರ ‘ಮಗಳೇ’ ಎನ್ನುತ್ತಿದ್ದ. ಅವನೇನು ಸ್ವಂತ ಮಾವನಲ್ಲ, ಅಪ್ಪನ ಗೆಳೆಯ. ತಾಮ್ರದ ತಂತಿಯನ್ನು ಸುರುಳಿ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲವೆಂದು ಬಿದ್ದ ಹೆಸರು ಅದು. ಅವನ ಅಸಲು ಹೆಸರು ಈಗ ಅವನ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಬಳಿ ಬಂದಿಳಿದ ಸುಟ್ಟ ಮೋಟಾರುಗಳು, ನಡುವೆ ಸುತ್ತುವ ಮೇಜು, ಕೊನೆಗೆ ವಾರ್ನಿಷ್ ತೊಟ್ಟಿ. ಹಿತ್ತಿಲಲ್ಲಿ ತಗಡಿನ ಚಪ್ಪರದಡಿ, ಗ್ಯಾಸಿನ ಉರಿ ಹಿಡಿದು ಹಳೆಯ ಸುರುಳಿಗಳನ್ನು ಸುಡುವ ಜಾಗ. ಸುಟ್ಟುಹೋದ ಮೋಟಾರನ್ನು ಮತ್ತೆ ಸುಡುವುದೇಕೆ ಎಂದು ಹೊಸಬರು ಕೇಳುತ್ತಿದ್ದರು. ಹಳೆಯ ತಂತಿ ವಾರ್ನಿಷ್ಷಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ವಾರ್ನಿಷ್ ಉರಿದು ಬೂದಿಯಾಗುವ ತನಕ ತಂತಿ ಈಚೆ ಬರುವುದಿಲ್ಲ. ಆ ಸುಡುವ ಕೆಲಸ ಮೂವತ್ತು ವರ್ಷದಿಂದ ಸುರುಳಿ ಮಾವನದೇ.

ಊರಿನ ಪಂಪುಮನೆಗಳ ಮೋಟಾರು ಕೆಟ್ಟರೆ ಅವು ಬರುತ್ತಿದ್ದುದು ಅಕ್ಕನ ಅಂಗಡಿಗೆ. ಆ ವರ್ಷ ನೀರು ಸರಬರಾಜು ಕಚೇರಿಗೆ ಹೊಸ ಎಂಜಿನಿಯರಮ್ಮ ಬಂದಳು. ಬಂದ ಮೂರನೆಯ ವಾರ ಅವಳ ಸಹಿಯಿದ್ದ ಒಂದು ಕಾಗದ ಅಂಗಡಿಗೆ ಬಂತು. ಇನ್ನು ಮುಂದೆ ಸುಟ್ಟ ಮೋಟಾರುಗಳನ್ನು ಮತ್ತೆ ಸುತ್ತಿಸುವುದಿಲ್ಲ. ಗುಜರಿಗೆ ಹಾಕಿ ಹೊಸದನ್ನೇ ತರಲಾಗುವುದು. ಮತ್ತೆ ಸುತ್ತಿದ ಮೋಟಾರು ವಿದ್ಯುತ್ತನ್ನು ಪೋಲು ಮಾಡುತ್ತದೆ.

ಅಕ್ಕ ಅದನ್ನು ಎರಡು ಸಲ ಓದಿದಳು. ವಾರ್ನಿಷ್ ಕಲೆಯ ಕೋಟನ್ನೂ ಬಿಚ್ಚದೆ ನೆಟ್ಟಗೆ ಕಚೇರಿಗೆ ನಡೆದಳು.

"ಪೋಲು ಮಾಡತ್ತೆ ಅಂತ ಬರ್ದಿದ್ದೀರಲ್ಲ ಮೇಡಂ, ಎಷ್ಟು?"

ಎಂಜಿನಿಯರಮ್ಮ ಪೆನ್ನು ಕೆಳಗಿಟ್ಟಳು. ವಯಸ್ಸು ಮೂವತ್ತರ ಆಸುಪಾಸು. ಮುಖದಲ್ಲಿ ಗತ್ತಿರಲಿಲ್ಲ, ಆದರೆ ಹಿಂದೆ ಸರಿಯುವ ಲಕ್ಷಣವೂ ಇರಲಿಲ್ಲ.

"ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ದಕ್ಷತೆ ಕಡಿಮೆ ಆಗತ್ತೆ ಅಂತಾರೆ."

"ಅಂತಾರೆ ಅನ್ನೋರ ಮೋಟಾರು ಬಿಡಿ. ನನ್ನ ಮೋಟಾರು ಎಷ್ಟು ಪೋಲು ಮಾಡತ್ತೆ?"

"ಅಳೆದಿಲ್ಲ" ಎಂದು ಎಂಜಿನಿಯರಮ್ಮ ಒಪ್ಪಿಕೊಂಡಳು. "ಅಷ್ಟು ಸಣ್ಣ ವ್ಯತ್ಯಾಸ ನಮ್ಮ ಮೀಟರುಗಳಿಗೆ ಕಾಣಲ್ಲ."

"ಕಾಣದೇ ಇರೋದನ್ನ ನಂಬಿ ನನಗೆ ಕೆಲಸ ನಿಲ್ಲಿಸ್ತೀರಾ?"

ಎಂಜಿನಿಯರಮ್ಮ ಮೇಜಿನ ಮೇಲಿದ್ದ ಪಟ್ಟಿಯನ್ನು ಎಳೆದುಕೊಂಡಳು. "ಒಂದು ಕೆಲಸ ಮಾಡೋಣ. ಕಾಗದವನ್ನ ಒಂದು ತಿಂಗಳು ತಡೀತೀನಿ. ಎರಡನೇ ಪಂಪುಮನೇಲಿ ನೀವು ಸುತ್ತಿದ ಇಪ್ಪತ್ತು ಎಚ್‌ಪಿ ಮೋಟಾರಿದೆ. ಅದೇ ಕಂಪನಿದು, ಅದೇ ಅಳತೇದು, ಪೆಟ್ಟಿಗೆ ಒಡೆಯದ ಹೊಸದೊಂದು ನಮ್ಮ ಉಗ್ರಾಣದಲ್ಲಿದೆ. ಎರಡೂ ಕೊಡ್ತೀನಿ. ಹೇಗಾದ್ರೂ ಅಳೆದು ತೋರ್ಸಿ. ವ್ಯತ್ಯಾಸ ಐವತ್ತು ವ್ಯಾಟ್ ಒಳಗಿದ್ರೆ ಆ ಕಾಗದ ನಾನೇ ಹರೀತೀನಿ."

"ಹಾಗಾದ್ರೆ ಹರಿಯೋಕೆ ಸಿದ್ಧವಾಗಿರಿ" ಎಂದಳು ಅಕ್ಕ.

ಅಷ್ಟು ಗಟ್ಟಿಯಾಗಿ ಹೇಳಲು ಅವಳಿಗೆ ಕಾರಣವಿತ್ತು. ಹದಿನೆಂಟು ವರ್ಷದಲ್ಲಿ ಅವಳು ಸುತ್ತಿಸಿದ ಮೋಟಾರು ಯಾವುದೂ ವರ್ಷದೊಳಗೆ ಮರಳಿ ಬಂದಿರಲಿಲ್ಲ. ಅಳೆಯುವ ದಾರಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೆ ತಮ್ಮನಿದ್ದ.

ತಮ್ಮ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರು. ಹದಿನಾರನೇ ವಯಸ್ಸಿನಲ್ಲಿ ತಂತಿಗಳನ್ನು ತಪ್ಪಾಗಿ ಜೋಡಿಸಿ, ಆಗಷ್ಟೇ ಸುತ್ತಿ ಮುಗಿಸಿದ್ದ ಮೋಟಾರೊಂದನ್ನು ಅಪ್ಪನ ಕಣ್ಣೆದುರೇ ಹೊಗೆಯೆಬ್ಬಿಸಿದವನು. "ಇವನನ್ನ ಪುಸ್ತಕದ ಹತ್ರ ಬಿಡಿ, ತಾಮ್ರದ ಹತ್ರ ಬಿಡಬೇಡಿ" ಎಂದು ಅಪ್ಪ ಅವತ್ತೇ ತೀರ್ಮಾನಿಸಿದ್ದ. ಅಂದಿನಿಂದ ಅಕ್ಕ ತಮ್ಮ ಇಬ್ಬರೂ ಸೇರಿ ಒಂದು ಸ್ಕ್ರೂ ತಿರುಗಿಸಿದ್ದೂ ಇಲ್ಲ.

ಅಕ್ಕ ಹೇಳಿದ್ದನ್ನೆಲ್ಲ ಕೇಳಿ ಅವನು ತಲೆ ಕೆರೆದುಕೊಂಡ.

"ಎಂಜಿನಿಯರಮ್ಮ ಹೇಳಿದ್ದು ಸರಿ ಅಕ್ಕ. ಈ ಮೋಟಾರಿಗೆ ಹೋಗೋದು ಹದಿನಾರೂವರೆ ಸಾವಿರ ವ್ಯಾಟ್. ಈಚೆ ಬರೋ ಕೆಲಸ ಹದಿನೈದು ಸಾವಿರ. ಎರಡನ್ನೂ ಅಳೆದು ಕಳೆದ್ರೆ ನಷ್ಟ ಸಿಗಬೇಕು. ಆದ್ರೆ ಮೀಟರು ನೂರಕ್ಕೆ ಒಂದು ತಪ್ಪು ತೋರ್ಸಿದ್ರೂ ನೂರೈವತ್ತು ವ್ಯಾಟ್ ಅಲ್ಲೇ ಹೋಯ್ತು. ನಿನಗೆ ಬೇಕಾಗಿರೋದು ಐವತ್ತರ ಲೆಕ್ಕ."

"ಅಂದ್ರೆ ಆಗಲ್ಲ ಅಂತೀಯಾ?"

"ಹಂಗೆ ಆಗಲ್ಲ. ಈಗ ನೋಡು, ನೀರಿನ ಟ್ಯಾಂಕರು ಹೊರಡುವಾಗ ಒಂದ್ಸಲ, ತಲುಪಿದ ಮೇಲೆ ಒಂದ್ಸಲ ತೂಗಿ, ದಾರೀಲಿ ಎಷ್ಟು ಸೋರ್ತು ಅಂತ ಹೇಳೋದು ಕಷ್ಟ. ಸೋರೋ ಜಾಗಕ್ಕೇ ಒಂದು ಬಕೆಟ್ ಹಿಡಿದ್ರೆ?"

"ಮೋಟಾರಿಂದ ಸೋರೋದು ಬಿಸಿ ಕಣೋ. ಬಿಸೀನ ಬಕೆಟ್‌ನಲ್ಲಿ ಹೇಗೆ ಹಿಡೀತೀಯ?"

"ಹಿಡೀಬೌದು" ಎಂದ ತಮ್ಮ. ಅವನ ಕಣ್ಣು ಹೊಳೆಯಿತು. "ಮೋಟಾರು ಪೋಲು ಮಾಡಿದ್ದೆಲ್ಲ ಕೊನೆಗೆ ಬಿಸಿಯೇ ಆಗಬೇಕು, ಬೇರೆ ದಾರಿಯೇ ಇಲ್ಲ ಅದಕ್ಕೆ. ಮೋಟಾರನ್ನ ಬಿಸಿ ಸೋರದ ಪೆಟ್ಟಿಗೆಯೊಳಗೆ ಕೂರಿಸ್ತೀವಿ. ಒಳಗೊಂದು ರೇಡಿಯೇಟರ್, ಅದರಲ್ಲಿ ತಣ್ಣೀರು ಹರೀತಿರತ್ತೆ. ಬಿಸಿಯೆಲ್ಲ ನೀರಿಗೆ ಹೋಗತ್ತೆ. ನೀರು ಎಷ್ಟು ಡಿಗ್ರಿ ಏರ್ತು ಅಂತ ಬರ್ಕೊಂಡು ಮೋಟಾರು ನಿಲ್ಲಿಸ್ತೀವಿ. ಆಮೇಲೆ ಅದೇ ಪೆಟ್ಟಿಗೆಯಲ್ಲಿ ಬರೀ ಒಂದು ಹೀಟರ್ ಹಚ್ಚಿ, ನೀರು ಅಷ್ಟೇ ಡಿಗ್ರಿ ಏರೋ ತನಕ ಹೆಚ್ಚು ಕಮ್ಮಿ ಮಾಡ್ತಾ ಹೋಗ್ತೀವಿ. ಹೀಟರಿನ ವ್ಯಾಟ್ ಅಳೆಯೋದು ಮಕ್ಕಳಾಟ. ಹೀಟರು ತಿಂದಷ್ಟೇ ವ್ಯಾಟ್ ಮೋಟಾರಿನ ನಷ್ಟ."

ಅಕ್ಕ ಅದನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿ ನೋಡಿದಳು. "ಇದು ಚೆನ್ನಾಗಿದೆ" ಎಂದಳು. ತಮ್ಮನ ಮಾತಿಗೆ ಅವಳು ಹಾಗೆ ಹೇಳಿದ್ದು ಯಾವ ಕಾಲದಲ್ಲೋ.

ಕಾಲೇಜಿಗೆ ರಜೆ. ಪ್ರಯೋಗಶಾಲೆಯ ಬೀಗದ ಕೈ ತಮ್ಮನ ಬಳಿಯೇ ಇತ್ತು. ಅಕ್ಕನ ಗಂಡ ಬಾಡಿಗೆ ವ್ಯಾನು ಓಡಿಸುವವನು. ಗುಜರಿಯಲ್ಲಿ ಬಿದ್ದಿದ್ದ ಐಸ್‌ಕ್ರೀಂ ಲಾರಿಯೊಂದರ ದಪ್ಪ ಹಲಗೆಗಳನ್ನು ಹೇರಿಕೊಂಡು ಬಂದ. ಒಳಗೆ ನಿಂತರೆ ಹೊರಗಿನ ಮಾತೂ ಕೇಳಿಸದಂಥ ಹಲಗೆಗಳು. ನಾಲ್ಕು ದಿನದಲ್ಲಿ ಆಳೆತ್ತರದ ಪೆಟ್ಟಿಗೆ ಎದ್ದು ನಿಂತಿತು. ಮೋಟಾರಿನ ದಂಡ ಮಾತ್ರ ಗೋಡೆಯ ಒಂದು ತೂತಿನಿಂದ ಹೊರಗೆ ಬಂದು ಮೋಟಾರಿಗೆ ಭಾರ ಹೊರಿಸುವ ಪ್ರಯೋಗಶಾಲೆಯ ಯಂತ್ರಕ್ಕೆ ಸೇರುತ್ತಿತ್ತು. ಒಳಗೊಂದು ಪುಟ್ಟ ಫ್ಯಾನು ಯಾವಾಗಲೂ ಒಂದೇ ಸಮನೆ ತಿರುಗಿ ಗಾಳಿಯಾಡಿಸುತ್ತಿತ್ತು. ನೀರು ಒಳಗೆ ಹೋಗುವಲ್ಲಿ ಒಂದು, ಹೊರಗೆ ಬರುವಲ್ಲಿ ಒಂದು ಥರ್ಮಾಮೀಟರು. ಡಿಗ್ರಿಯ ನೂರನೇ ಒಂದು ಭಾಗವನ್ನೂ ಅವು ತೋರಿಸುತ್ತಿದ್ದವು.

"ಮೇಷ್ಟ್ರೇ, ಈ ಪೆಟ್ಟಿಗೆಯೊಳಗೆ ನಾನು ಕೂತ್ರೆ ಎಷ್ಟು ವ್ಯಾಟ್?" ಎಂದು ಭಾವ ಕೇಳಿದ.

"ಸುಮ್ನೆ ಕೂತ್ರೆ ನೂರು ಭಾವ. ಮಾತಾಡ್ತಾ ಕೂತ್ರೆ ಇನ್ನೂ ಜಾಸ್ತಿ."

"ಹಾಗಾದ್ರೆ ಇವರನ್ನ ಹಾಕಬೇಡ, ಪೆಟ್ಟಿಗೆ ತಡೆಯಲ್ಲ" ಎಂದಳು ಅಕ್ಕ.

ಮೊದಲು ಪೆಟ್ಟಿಗೆಯನ್ನೇ ಪರೀಕ್ಷಿಸಬೇಕಿತ್ತು. ಹೀಟರು ಹಚ್ಚಿ ಒಳಗೆ ಒಂದೂವರೆ ಸಾವಿರ ವ್ಯಾಟ್ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ನೀರಿನ ಬಿಸಿ ಏರುವುದು ನಿಂತು ಒಂದು ಮಟ್ಟಕ್ಕೆ ಬಂತು. ಲೆಕ್ಕ ಹಾಕಿದರೆ ನೀರಿಗೆ ಸಿಕ್ಕಿದ್ದು ಸಾವಿರದ ಮುನ್ನೂರ ಎಂಬತ್ತೇ ವ್ಯಾಟ್. ನೂರಿಪ್ಪತ್ತು ವ್ಯಾಟ್ ಎಲ್ಲೋ ಮಾಯ. ತಮ್ಮ ಹಲಗೆಗಳ ಸಂದುಗಳಿಗೆಲ್ಲ ಮತ್ತೆ ಟೇಪು ಅಂಟಿಸಿದ, ದಂಡದ ತೂತಿಗೆ ಉಣ್ಣೆ ತುರುಕಿದ. ಮರುದಿನವೂ ಅದೇ ಕತೆ. ಅವನ ಮುಖ ಸಪ್ಪಗಾಯಿತು.

ಅಕ್ಕ ಅಷ್ಟು ಹೊತ್ತು ನೋಡುತ್ತ ನಿಂತಿದ್ದವಳು ಪೆಟ್ಟಿಗೆಯ ಸುತ್ತ ಮಂಡಿಯೂರಿ ಹೋಗುತ್ತ, ಕೈಯ ಹಿಂಭಾಗವನ್ನು ಇಷ್ಟಿಷ್ಟೇ ದೂರಕ್ಕೆ ಮುಟ್ಟಿಸುತ್ತ ಬಂದಳು. ಮೂಲೆಯಲ್ಲಿ ನಿಂತಳು.

"ಇಲ್ಲಿ ಕೈ ಇಡು."

ಮೋಟಾರು ಕೂರಿಸಲು ಹಾಕಿದ್ದ ಉಕ್ಕಿನ ಎರಡು ತೊಲೆಗಳು ಪೆಟ್ಟಿಗೆಯ ತಳ ಹಾದು ನೆಲಕ್ಕೆ ಬೋಲ್ಟಾಗಿದ್ದವು. ಹೊರಗಿನ ತುದಿ ಉಗುರುಬೆಚ್ಚಗಿತ್ತು.

"ಹಲಗೆಗೆಲ್ಲ ಉಣ್ಣೆ ಸುತ್ತಿ, ಬಿಸಿಗೆ ಹೋಗೋಕೆ ಕಬ್ಬಿಣದ ಸೇತುವೆ ಕಟ್ಟಿಟ್ಟಿದ್ದೀಯಲ್ಲೋ ಮೇಷ್ಟ್ರೇ!"

ತಮ್ಮ ಹಣೆ ಚಚ್ಚಿಕೊಂಡು ನಕ್ಕ. ತೊಲೆಗಳನ್ನು ಕತ್ತರಿಸಿ ನಡುವೆ ಬಿಸಿ ಹಾಯದ ದಪ್ಪ ಫೈಬರ್ ತುಂಡುಗಳನ್ನು ಕೊಟ್ಟರು; ಸುತ್ತುವ ಅಂಗಡಿಯಲ್ಲಿ ಅದಕ್ಕೇನು ಬರವೇ. ಮರುದಿನ ಸೋರಿಕೆ ಹದಿನೆಂಟು ವ್ಯಾಟಿಗೆ ಇಳಿಯಿತು. "ಇದು ಸಾಕು. ಮೋಟಾರಿಗೂ ಹೀಟರಿಗೂ ಇಷ್ಟೇ ಸೋರತ್ತೆ, ಹೋಲಿಸುವಾಗ ಹೊಡೆದುಹೋಗತ್ತೆ" ಎಂದ ತಮ್ಮ.

ಹೊಸ ಮೋಟಾರಿಗೆ ಒಂದು ಇಡೀ ದಿನ ಹಿಡಿಯಿತು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದ್ದು, ಮಧ್ಯಾಹ್ನ ನೀರಿನ ಬಿಸಿ ಸ್ಥಿರವಾಯಿತು. ಮೋಟಾರು ನಿಲ್ಲಿಸಿ, ಹೀಟರಿನಿಂದ ಅದೇ ಬಿಸಿ ತರುವ ಹೊತ್ತಿಗೆ ಸಂಜೆ ನಾಲ್ಕಾಯಿತು. ಸಾವಿರದ ನಾನೂರ ಮೂವತ್ತು ವ್ಯಾಟ್. ಆಮೇಲೆ ಅಕ್ಕನ ಅಂಗಡಿಯಲ್ಲಿ ಸುತ್ತಿದ ಮೋಟಾರು. ಅವತ್ತು ಅವಳು ಊಟದ ಡಬ್ಬಿ ಬಿಚ್ಚಿ, ಗಂಡನಿಗೂ ತಮ್ಮನಿಗೂ ಬಡಿಸಿ, ತಾನೂ ಹೊಟ್ಟೆ ತುಂಬ ಉಂಡಳು. ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದವರ ನೆಮ್ಮದಿ ಅವಳದು.

ನಾಲ್ಕೂವರೆಗೆ ತಮ್ಮ ಹೀಟರಿನ ಮೀಟರು ನೋಡಿದ. ಇನ್ನೊಮ್ಮೆ ನೋಡಿದ.

"ಬಾಯಿ ಬಿಡೋ" ಎಂದಳು ಅಕ್ಕ.

"ಸಾವಿರದ ಆರುನೂರ ತೊಂಬತ್ತು."

ಇನ್ನೂರ ಅರವತ್ತು ವ್ಯಾಟ್ ಹೆಚ್ಚು. ಅಕ್ಕನ ಕಿವಿ ಬಿಸಿಯಾಯಿತು. ಅವಳು ಎದ್ದು ಹೋಗಿ ತಾನೇ ಮೀಟರು ನೋಡಿದಳು, ಎರಡೂ ಥರ್ಮಾಮೀಟರು ನೋಡಿದಳು, ನೀರು ತುಂಬುವ ಡ್ರಮ್ಮಿನ ತೂಕ ನೋಡಿದಳು. ಎಲ್ಲ ಸರಿಯಾಗಿತ್ತು. ಮರುದಿನ ಮೊದಲಿನಿಂದ ಮಾಡಿದರು. ಸಾವಿರದ ಆರುನೂರ ಎಂಬತ್ತನಾಲ್ಕು.

ಭಾವ ಗಂಟಲು ಸರಿಮಾಡಿಕೊಂಡ. "ಪಂಪುಮನೆಗಳಲ್ಲಿ ನೀನು ಸುತ್ತಿದ್ದು ಇನ್ನೂ ಹತ್ತಿವೆಯಲ್ಲ. ಬೇರೆ ಒಂದನ್ನ ಕೇಳೋಣ. ಇದೊಂದು ಕೆಟ್ಟ ಕಾಯಿ ಇರಬೌದು."

"ಬೇಡ ರೀ" ಎಂದಳು ಅಕ್ಕ. "ನಮಗೆ ಬೇಕಾದ ಉತ್ತರ ಬರೋ ತನಕ ಅಳೀತಾ ಕೂತ್ರೆ ಅದನ್ನ ಅಳತೆ ಅಂತಾರಾ? ಈ ಬಿಸಿ ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಬೇಕು."

ತಾಮ್ರದ ತಂತಿ ಕರೆಂಟಿಗೆ ಎಷ್ಟು ತಡೆಯೊಡ್ಡುತ್ತದೆಂದು ಅಳೆದರು. ಹೊಸ ಮೋಟಾರಿನದಕ್ಕಿಂತ ಒಂದು ಕೂದಲೆಳೆಯಷ್ಟು ಉತ್ತಮವೇ ಇತ್ತು. ಸುತ್ತಿದ ಕೈಯಲ್ಲಿ ತಪ್ಪಿರಲಿಲ್ಲ. ಬೇರಿಂಗು ಹೊಸದು. ಉಳಿದದ್ದು ಕಬ್ಬಿಣ. ಮೋಟಾರಿನ ಒಡಲಲ್ಲಿರುವ ಕಬ್ಬಿಣ ಒಂದೇ ಗಟ್ಟಿಯಲ್ಲ. ಅರ್ಧ ಮಿಲಿಮೀಟರಿನ ನೂರಾರು ಹಾಳೆಗಳನ್ನು ಒತ್ತಿ ಜೋಡಿಸಿದ್ದು, ಒಂದೊಂದು ಹಾಳೆಗೂ ತೆಳುವಾದ ಲೇಪವಿರುತ್ತದೆ. ಲೇಪ ಹೋದರೆ ಹಾಳೆಯಿಂದ ಹಾಳೆಗೆ ಕರೆಂಟು ಹರಿದು ಕಬ್ಬಿಣ ಸುಮ್ಮಸುಮ್ಮನೆ ಕಾಯತೊಡಗುತ್ತದೆ.

ಅಂಗಡಿಗೆ ತಂದು ಮೋಟಾರು ಬಿಚ್ಚಿದರು. ತಿರುಗುವ ಭಾಗವನ್ನು ಹೊರಗೆಳೆದು, ಸುರುಳಿ ಇದ್ದಂತೆಯೇ ಕಬ್ಬಿಣಕ್ಕೆ ದಪ್ಪ ಕೇಬಲ್ಲು ನಾಲ್ಕು ಸುತ್ತು ಹಾಕಿ ಕರೆಂಟು ಬಿಟ್ಟರು. ಹತ್ತು ನಿಮಿಷದ ಮೇಲೆ ಕರೆಂಟು ನಿಲ್ಲಿಸಿ ಅಕ್ಕ ಒಳಗೆ ಕೈಯಾಡಿಸಿದಳು. ಒಂದು ಬದಿ ಬರೀ ಬೆಚ್ಚಗಿತ್ತು. ಇನ್ನೊಂದು ಬದಿಯಲ್ಲಿ, ಅಂಗೈಯಗಲದ ಎರಡು ಜಾಗದಲ್ಲಿ, ಕೈ ಇಡಲಾಗಲಿಲ್ಲ. ಗ್ಯಾಸಿನ ಉರಿಯನ್ನು ಆನಿಸಿ ಹಿಡಿಯುವುದು ಆ ಬದಿಗೇ. ಅಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸುರುಳಿ ಮಾವ ಮೇಜಿನ ಬಳಿ ತಂತಿ ಎಣಿಸುತ್ತ ಕೂತಿದ್ದ.

"ಮಾವ, ಸ್ವಲ್ಪ ಇಲ್ಲಿ ಬನ್ನಿ. ಇದನ್ನ ಮುಟ್ಟಿ ನೋಡಿ."

ಅವನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. "ಏನಾಯ್ತು ಇದಕ್ಕೆ?"

"ನಮ್ಮ ಉರಿ ಜಾಸ್ತಿ ಆಗಿದೆ. ಲೇಪ ಸುಟ್ಟುಹೋಗಿದೆ."

"ನಮ್ಮ ಉರಿ ಅಂದ್ರೆ ನನ್ನ ಉರಿ."

ಅಕ್ಕ ಮಾತು ತೇಲಿಸಲಿಲ್ಲ. "ಹೌದು ಮಾವ, ನೀವು ಹಿಡಿದ ಉರಿ. ನಾನು ನೋಡ್ತಾ ನಿಂತಿದ್ದೆ, ಸರಿ ಅಂದುಕೊಂಡಿದ್ದೆ. ತಪ್ಪು ಇಬ್ಬರದೂ."

"ಮೂವತ್ತು ವರ್ಷ ಸುಟ್ಟಿದ್ದೀನಿ ಮಗಳೇ. ನಾನು ಸುಟ್ಟ ಮೋಟಾರು ಯಾವುದಾದ್ರೂ ತಿರುಗದೆ ನಿಂತಿದೆಯಾ? ಒಂದು ಹೇಳು."

"ಒಂದೂ ನಿಂತಿಲ್ಲ. ತಿರುಗೋದು ಎಲ್ಲರಿಗೂ ಕಾಣತ್ತೆ. ತಿರುಗ್ತಾ ತಿರುಗ್ತಾ ಎಷ್ಟು ತಿನ್ನತ್ತೆ ಅನ್ನೋದು ನಿಮಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಈಗ ಕಾಣ್ತಿದೆ."

ಮಾವ ಬಿಸಿ ಕಬ್ಬಿಣವನ್ನು ಮತ್ತೊಮ್ಮೆ ನೋಡಿದ. ತನ್ನ ಕನ್ನಡಕ ತೆಗೆದು ಒರೆಸಿ, ಡಬ್ಬಿಗೆ ಹಾಕಿ, ಚೀಲ ಹೆಗಲಿಗೇರಿಸಿಕೊಂಡ. ಇನ್ನೂ ಹನ್ನೊಂದು ಗಂಟೆ. ಅವನು ಹನ್ನೊಂದು ಗಂಟೆಗೆ ಮನೆಗೆ ಹೋದದ್ದನ್ನು ಅಂಗಡಿ ಕಂಡಿರಲೇ ಇಲ್ಲ. ಅಕ್ಕ ಬಾಗಿಲ ತನಕ ಬಂದಳು, ಆದರೂ ಕೂಗಿ ಕರೆಯಲಿಲ್ಲ. ಹೇಳಿದ್ದು ನಿಜ, ಸಮಾಧಾನಕ್ಕೆಂದು ಅದನ್ನು ಕಮ್ಮಿ ಮಾಡಿ ಹೇಳಿದರೆ ಅವನಿಗೇ ಅವಮಾನ ಎಂದುಕೊಂಡಳು.

ಮಧ್ಯಾಹ್ನ ಅವಳು ನೀರು ಸರಬರಾಜು ಕಚೇರಿಗೆ ಹೋದಳು. ತಮ್ಮ ಬರೆದ ಹಾಳೆಯನ್ನು ಎಂಜಿನಿಯರಮ್ಮನ ಮುಂದಿಟ್ಟಳು.

"ಇನ್ನೂರ ಅರವತ್ತು ವ್ಯಾಟ್ ಹೆಚ್ಚು ಮೇಡಂ. ನೀವು ಹೇಳಿದ್ದೇ ಸರಿ."

ಎಂಜಿನಿಯರಮ್ಮ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, ಕೆಳಗಿನಿಂದ ಮೇಲಕ್ಕೂ ಓದಿದಳು. "ಇಷ್ಟು ಚೊಕ್ಕವಾಗಿ ಅಳೆದದ್ದನ್ನ ನಾನು ನೋಡಿಲ್ಲ. ನಿಮ್ಮ ವಿರುದ್ಧದ ಲೆಕ್ಕವನ್ನ ನೀವೇ ತಂದುಕೊಟ್ಟಿದ್ದೀರಿ."

"ಲೆಕ್ಕ ನನ್ನ ವಿರುದ್ಧ ಇಲ್ಲ, ಗ್ಯಾಸಿನ ಉರಿಯ ವಿರುದ್ಧ ಇದೆ. ತಂತಿ ಸುತ್ತಿದ್ದರಲ್ಲಿ ಒಂದು ವ್ಯಾಟಿನ ತಪ್ಪಿಲ್ಲ, ಬೇಕಾದ್ರೆ ಮೂರನೇ ಸಾಲು ನೋಡಿ. ತಿಂಗಳು ಮುಗಿಯೋಕೆ ಇನ್ನೂ ಹದಿನಾರು ದಿನ ಇದೆ. ಅದೇ ಅಳತೆಯ ಸುಟ್ಟ ಮೋಟಾರೊಂದು ನಿಮ್ಮ ಅಂಗಳದಲ್ಲಿ ಬಿದ್ದಿದೆ, ಬರುವಾಗ ನೋಡ್ದೆ. ಅದನ್ನ ಕೊಡಿ. ಉರಿ ಹಿಡಿಯದೆ ಬಿಚ್ಚಿ, ಸುತ್ತಿ, ನಿಮ್ಮೆದುರಿಗೇ ಪೆಟ್ಟಿಗೆಯಲ್ಲಿಡ್ತೀನಿ."

"ಈ ಸಲವೂ ಹೆಚ್ಚು ಬಂದ್ರೆ?"

"ಬರಲ್ಲ" ಎಂದಳು ಅಕ್ಕ, ಕಡ್ಡಿ ಮುರಿದ ಹಾಗೆ.

ಉರಿ ಹಿಡಿಯದೆ ಬಿಚ್ಚುವುದು ಹೇಗೆಂದು ತಮ್ಮ ಹುಡುಕಿ ಹೇಳಿದ್ದ. ವಾರ್ನಿಷ್ ಬೂದಿಯಾಗಲು ಮುನ್ನೂರ ಐವತ್ತು ಡಿಗ್ರಿ ಸಾಕು. ನಿಧಾನವಾಗಿ, ಎಲ್ಲ ಕಡೆ ಸಮವಾಗಿ ಕಾಯಿಸಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಲೇಪ ಕೆಡುತ್ತದೆ. ಗ್ಯಾಸಿನ ಉರಿ ತಾಕಿದ ಕಡೆ ಎಷ್ಟು ಡಿಗ್ರಿ ಇರುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಬಿಸಿಯನ್ನು ಹಿಡಿತದಲ್ಲಿಡುವ ಒಲೆ ಬೇಕು. ಅದಕ್ಕಾಗಿ ಅಕ್ಕ ಎರಡು ದಿನ ಊರೆಲ್ಲ ವಿಚಾರಿಸಿದಳು. ಬೇಕರಿಯ ಒಲೆ ಅಷ್ಟು ಕಾಯುವುದಿಲ್ಲ. ಪಾಲಿಟೆಕ್ನಿಕ್‌ನ ಕುಲುಮೆಗೆ ಮೋಟಾರಿನ ಒಡಲು ಹಿಡಿಸುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಕೈಗಾಡಿ ನಿಂತಿತು. ಅದರ ಮೇಲೆ ಬಿಳಿ ಬಣ್ಣ ಎದ್ದುಹೋದ, ಬೀರುವಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಸುರುಳಿ ಮಾವ.

"ಏನು ಮಾವ ಇದು?"

"ನೀನು ಒಲೆ ಹುಡುಕ್ತಿದ್ದೀಯ ಅಂತ ಗೊತ್ತಾಯ್ತು. ಮೊಮ್ಮಗಳ ಶಾಲೇಲಿ ಮಣ್ಣಿನ ಪಾತ್ರೆ ಮಾಡೋದು ಕಲಿಸ್ತಿದ್ರು. ಮೇಷ್ಟ್ರು ಬಿಟ್ಟು ಹೋದ್ರು, ಈ ಭಟ್ಟಿ ಶೆಡ್ಡಿನ ಹಿಂದೆ ತುಕ್ಕು ಹಿಡೀತಿತ್ತು. ಹೆಡ್ಮೇಷ್ಟ್ರಮ್ಮನ್ನ ಕೇಳ್ಕೊಂಡು ಬಂದೆ. ಇಲ್ಲಿ ನೋಡು, ಗುಂಡಿ. ಎಷ್ಟು ಡಿಗ್ರಿಗೆ ಇಟ್ರೆ ಅಷ್ಟಕ್ಕೇ ನಿಲ್ಲತ್ತೆ." ಸ್ವಲ್ಪ ತಡೆದು, ಅವಳ ಮುಖ ನೋಡದೆ, "ಎರಡು ರಾತ್ರಿ ನಿದ್ದೆ ಬರಲಿಲ್ಲ ಮಗಳೇ. ಕೋಪ ಬಂದಿತ್ತು. ನಿನ್ನ ಮೇಲೆ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ, ಇಷ್ಟು ವರ್ಷ ಒಂದ್ಸಲವೂ ಆ ಬದಿ ಮುಟ್ಟಿ ನೋಡಲಿಲ್ಲವಲ್ಲ ಅಂತ ನನ್ನ ಮೇಲೇ ಬಂದಿದ್ದು."

"ಒಳಗೆ ತನ್ನಿ ಮಾವ. ಮೊದಲು ಟೀ ಕುಡೀರಿ."

"ಟೀ ಆಮೇಲೆ. ಮೊದಲು ವೈರು ಎಳಿ."

ಭಟ್ಟಿಯ ಕಾಯಿಲುಗಳಲ್ಲಿ ಎರಡು ತುಂಡಾಗಿದ್ದವು. ಮಾವ ಅವನ್ನೂ ಸುತ್ತಿದ. ತಮ್ಮ ಬಂದು ಬಿಸಿ ತೋರಿಸುವ ತಂತಿಯೊಂದನ್ನು ಮೋಟಾರಿನ ಕಬ್ಬಿಣಕ್ಕೇ ಕಟ್ಟಿಕೊಟ್ಟ, ಒಲೆಯ ಬಿಸಿಯಲ್ಲ, ಕಬ್ಬಿಣದ್ದೇ ಬಿಸಿ ಕಾಣುವಂತೆ. ಮೊದಲಾದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಸುಡುವ ಕೆಲಸಕ್ಕೆ ಈಗ ಒಂಬತ್ತು ಗಂಟೆ ಬೇಕಾಯಿತು. ಮಾವ ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಹದಿನೈದು ನಿಮಿಷಕ್ಕೊಮ್ಮೆ ಡಿಗ್ರಿ ಬರೆದಿಟ್ಟ. ಯಾರಾದರೂ ಬಾಗಿಲ ಹತ್ತಿರ ಹೋದರೆ ಗದರಿಸುತ್ತಿದ್ದ. ತಣ್ಣಗಾದ ಮೇಲೆ ತಂತಿ ಕೈಗೇ ಕಿತ್ತು ಬಂತು. ಖಾಲಿ ಕಬ್ಬಿಣಕ್ಕೆ ಕೇಬಲ್ಲು ಸುತ್ತಿ ಪರೀಕ್ಷಿಸಿದರು. ಮಾವ ಕಣ್ಣು ಮುಚ್ಚಿ, ಮೂರು ಸಲ ಸುತ್ತಲೂ ಕೈಯಾಡಿಸಿದ.

"ಎಲ್ಲೂ ಹೆಚ್ಚಿಲ್ಲ. ಎಲ್ಲ ಒಂದೇ ಸಮ."

ಆ ಸಲ ಸುರುಳಿಗಳನ್ನು ಅಕ್ಕ ತಾನೇ ಸುತ್ತಿದಳು. ತುದಿಯ ತಿರುವುಗಳನ್ನು ಆದಷ್ಟು ಗಿಡ್ಡ ಮಾಡಿದಳು, ಕಬ್ಬಿಣದ ಸಂದುಗಳಲ್ಲಿ ತಾಮ್ರ ಇನ್ನೊಂದೆಳೆ ಹಿಡಿಯುವುದಾದರೆ ಹಿಡಿಸಿದಳು. ಕೈ ಎಂದಿನಂತೆ ಸರಾಗವಾಗಿ ಓಡಿತು. ಹೆದರಿಕೆಯೇನೂ ಇರಲಿಲ್ಲ ಅವಳಿಗೆ. ಇದ್ದದ್ದು ಉತ್ತರ ಯಾವಾಗ ಗೊತ್ತಾಗುವುದೋ ಎಂಬ ಅವಸರ.

ತಿಂಗಳು ಮುಗಿಯಲು ಎರಡು ದಿನವಿರುವಾಗ ಎಂಜಿನಿಯರಮ್ಮ ಬೆಳಿಗ್ಗೆಯೇ ಪ್ರಯೋಗಶಾಲೆಗೆ ಬಂದಳು. ಕಡತಗಳನ್ನು ಜೊತೆಗೇ ತಂದಿದ್ದಳು, ಆದರೆ ಬಿಚ್ಚಲಿಲ್ಲ. ಪೆಟ್ಟಿಗೆಯನ್ನು ಸುತ್ತಿ ನೋಡಿ, ತಮ್ಮನಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ನೀರಿನ ಹರಿವು ನಡುವೆ ಬದಲಾದರೆ? ಚಾವಣಿಯ ಮೇಲಿನ ಟ್ಯಾಂಕು ಬಿಸಿಲಿಗೆ ಕಾದರೆ? ತಮ್ಮ ಅದಕ್ಕೆಂದೇ ಹಿಂದಿನ ದಿನ ತುಂಬಿಸಿ ಒಳಗೇ ಇಟ್ಟಿದ್ದ ಡ್ರಮ್ಮುಗಳನ್ನು ತೋರಿಸಿದ. ಅವಳು ತಲೆದೂಗಿ, ತೋಳು ಮಡಿಸಿಕೊಂಡು ಥರ್ಮಾಮೀಟರುಗಳ ಮುಂದೆ ಕೂತಳು.

ಹನ್ನೊಂದೂವರೆಗೆ ನೀರಿನ ಏರಿಕೆ ಏಳು ಪಾಯಿಂಟ್ ಒಂಬತ್ತು ಡಿಗ್ರಿಗೆ ಬಂದು ನಿಂತಿತು. ಒಂದು ಗಂಟೆ ಕಾದರೂ ಅಲುಗಲಿಲ್ಲ. ಮೋಟಾರು ನಿಲ್ಲಿಸಿ ಹೀಟರು ಹಚ್ಚಿದರು.

"ಗುಂಡಿ ನಾನೇ ತಿರುಗಿಸಬೌದಾ?" ಎಂದು ಎಂಜಿನಿಯರಮ್ಮ ಕೇಳಿದಳು.

"ನೀವೇ ತಿರುಗಿಸ್ಬೇಕು" ಎಂದಳು ಅಕ್ಕ.

ಮೂರು ಗಂಟೆಯ ಹೊತ್ತಿಗೆ ಏರಿಕೆ ಏಳು ಪಾಯಿಂಟ್ ಎಂಟು. ಎಂಜಿನಿಯರಮ್ಮ ಗುಂಡಿಯನ್ನು ಚೂರೇ ಚೂರು ಏರಿಸಿದಳು. ಕಾದರು. ಭಾವನೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಏಳು ಪಾಯಿಂಟ್ ಒಂಬತ್ತು ಬಂತು, ನಿಂತಿತು. ಎಂಜಿನಿಯರಮ್ಮ ಮೀಟರಿಗೆ ಬಗ್ಗಿದಳು.

"ಸಾವಿರದ ನಾನೂರ ನಲವತ್ತೆರಡು."

"ಹೊಸದು ಸಾವಿರದ ನಾನೂರ ಮೂವತ್ತು" ಎಂದ ತಮ್ಮ. "ವ್ಯತ್ಯಾಸ ಹನ್ನೆರಡು. ಹದಿನೈದರ ಒಳಗಿನ ವ್ಯತ್ಯಾಸ ಹೇಳೋ ಶಕ್ತಿ ಈ ಪೆಟ್ಟಿಗೆಗೇ ಇಲ್ಲ. ಅಂದ್ರೆ ಎರಡೂ ಒಂದೇ."

ಸುರುಳಿ ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. ಅಕ್ಕ ಅವನ ಭುಜ ತಟ್ಟಿದಳು.

ಎಂಜಿನಿಯರಮ್ಮ ಕಡತದಿಂದ ಕಾಗದ ತೆಗೆದು, ಮಾತು ಕೊಟ್ಟಂತೆ ಎರಡು ಹೋಳು ಮಾಡಿದಳು. "ಹೊಸದಾಗಿ ಬರೀತೀನಿ. ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಕಬ್ಬಿಣದ ಪರೀಕ್ಷೆ ಆಗಬೇಕು, ಭಟ್ಟಿಯ ಡಿಗ್ರಿ ಬರೆದಿಡಬೇಕು. ಅಷ್ಟು ಮಾಡೋರಿಗೆ ಸುತ್ತೋ ಕೆಲಸ. ಒಪ್ಪಿಗೇನಾ?"

"ಒಪ್ಪಿಗೆ. ಆದ್ರೆ ಅಲ್ಲಿಗೆ ಮುಗೀಲಿಲ್ಲ ಮೇಡಂ. ಗ್ಯಾಸಿನ ಉರೀಲಿ ಬಿಚ್ಚಿ ಸುತ್ತಿಕೊಟ್ಟ ಹತ್ತು ಮೋಟಾರು ಇನ್ನೂ ನಿಮ್ಮ ಪಂಪುಮನೆಗಳಲ್ಲಿ ತಿರುಗ್ತಿವೆ. ಒಂದೊಂದಾಗಿ ಕಳಿಸಿ. ಅಳೆದು ಹೇಳ್ತೀವಿ."

"ನಾನು ಕೇಳಲಿಲ್ಲವಲ್ಲ?"

"ನೀವು ಕೇಳದಿದ್ರೂ ಅವು ತಿನ್ನೋದು ತಿನ್ನುತ್ತಲೇ ಇರ್ತವೆ. ಗೊತ್ತಿದ್ದೂ ಸುಮ್ಮನಿರೋಕೆ ನನಗಾಗಲ್ಲ."

ಆ ರಜೆಯೆಲ್ಲ ಅದರಲ್ಲೇ ಕಳೆಯಿತು. ಭಾವ ಒಂದು ಮೋಟಾರು ತಂದಿಳಿಸುತ್ತಿದ್ದ, ಅಳೆದದ್ದನ್ನು ಹಿಂದಕ್ಕೆ ಕೊಂಡೊಯ್ಯುತ್ತಿದ್ದ. ಪ್ರತಿಯೊಂದನ್ನೂ ಪೆಟ್ಟಿಗೆಗೆ ಹಾಕುವ ಮುನ್ನ ಸುರುಳಿ ಮಾವ ಅದರ ಮೈ ತಡವಿ, "ಇದು ಒಳ್ಳೇದು, ಇದನ್ನ ಸುಡುವಾಗ ಗ್ಯಾಸು ಕಮ್ಮಿ ಇತ್ತು" ಎಂದೋ, "ಇದು ಕೆಟ್ಟಿರತ್ತೆ, ಅವತ್ತು ಅವಸರ ಇತ್ತು" ಎಂದೋ ಭವಿಷ್ಯ ನುಡಿಯುತ್ತಿದ್ದ. ಹತ್ತರಲ್ಲಿ ಆರು ಸಲ ಅವನ ಮಾತು ಸರಿಯಾಯಿತು. ತಪ್ಪಾದಾಗಲೆಲ್ಲ ಪೆಟ್ಟಿಗೆಯನ್ನು ಅನುಮಾನದಿಂದ ನೋಡಿ, ಮತ್ತೊಮ್ಮೆ ಅಳೆಯಲು ತಮ್ಮನನ್ನು ಪೀಡಿಸುತ್ತಿದ್ದ. ತಮ್ಮ ಅಳೆಯುತ್ತಿದ್ದ. ಉತ್ತರ ಬದಲಾಗುತ್ತಿರಲಿಲ್ಲ. ಏಳು ಮೋಟಾರು ಹೊಸದರ ಹತ್ತಿರ ಹತ್ತಿರ ಇದ್ದವು, ಮೂರು ಕೆಟ್ಟಿದ್ದವು. ಆ ಮೂರನ್ನು ಅಕ್ಕ ಸೀಮೆಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಗುಜರಿಯ ಸಾಲಿಗೆ ಸರಿಸಿದಳು.

ಕೊನೆಯದನ್ನು ಪಂಪುಮನೆಗೆ ಮರಳಿ ಕೂರಿಸುವ ದಿನ ಎಲ್ಲರೂ ವ್ಯಾನಿನಲ್ಲಿ ಹೊರಟರು. ಮುಂದೆ, ಓಡಿಸುವವನ ಪಕ್ಕದ ಸೀಟಿನಲ್ಲಿ, ಇಬ್ಬರಿಗೆ ಮಾತ್ರ ಜಾಗ. ಮಾವ ಆಗಲೇ ಹತ್ತಿ ಕೂತಿದ್ದ.

"ಮೇಷ್ಟ್ರು ಹಿಂದೆ ಮೋಟಾರಿನ ಜೊತೆ ಕೂರ್ಲಿ ಬಿಡು" ಎಂದ ಅವನು ಅಕ್ಕನಿಗೆ. "ಬಿಚ್ಚಬೇಡ, ಜೋಡಿಸಬೇಡ, ಬರೀ ಹಿಡ್ಕೊಂಡು ಕೂತಿರು ಅಂತ ಹೇಳು."

ತಮ್ಮ ನಗುತ್ತ ಹಿಂದೆ ಹತ್ತಿ, ಮೋಟಾರಿಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಕ್ಕ ಮಾವನ ಪಕ್ಕ ಕೂತು ಬಾಗಿಲು ಹಾಕಿ, ಹೋಗೋಣ ಎಂದು ಗಂಡನಿಗೆ ಕೈ ಮಾಡಿದಳು.